ಐದು ಗುಂಟೆ ಬಿಟ್ಟುಕೊಡಿ

ಬಯಲುಸೀಮೆಯ ಒಕ್ಕಲು ಮನೆಗಳ ಹಿರಿಯರೇ, ಅಣ್ಣಂದಿರೇ, ಅಕ್ಕಂದಿರೇ,



ಯುಗಾದಿ ಹತ್ತಿರ ಬಂತು. ಹೊಂಗೆ ಚಿಗುರಿದೆ, ತಿಪ್ಪೆ ಗೊಬ್ಬರ ಹೊಲಕ್ಕೆ ಹೊಡೆಯುವ ಕೆಲಸ ಶುರುವಾಗಿದೆ. ರಾತ್ರಿ ಊಟವಾದ ಮೇಲೆ ಜಗಲಿ ಮೇಲೆ ಕೂತು ಯಾವ ಹೊಲಕ್ಕೆ ಏನು ಹಾಕುವುದು, ಬೀಜಕ್ಕೆ ಎಲ್ಲಿಗೆ ಹೋಗುವುದು, ಉಳುಮೆಗೆ ಯಾರ ಟ್ರ್ಯಾಕ್ಟರ್‌ಗೆ ಹೇಳುವುದು ಅಂತ ಮಾತಾಡುವ ಕಾಲ ಇದು. ಆ ಮಾತಿನ ನಡುವೆ ಮಗನೋ ಮಗಳೋ ಸೊಸೆಯೋ ಮೆಲ್ಲಗೆ, 'ಈ ಸಲ ಒಂದು ಕಡೆ ಗುಳಿ ರಾಗಿ ಮಾಡಿ ನೋಡೋಣ' ಅನ್ನುತ್ತಾರೆ. 'ಮಳೆ ಬರಲಿ, ಆಮೇಲೆ ನೋಡೋಣ' ಅಂತ ಯಜಮಾನರ ಉತ್ತರ ಬರುತ್ತದೆ. ಮಳೆ ಬಂದಾಗ ಹದ ಹೋಗಿಬಿಡುತ್ತದೆ ಅನ್ನುವ ಅವಸರ. ಬೀಜ ಎರಚಿ, ಕಲ್ಟಿವೇಟರ್ ಹೊಡೆಸಿದರೆ ಬಿತ್ತನೆ ಮುಗಿಯಿತು. ಹುಡುಗರ ಮಾತು ಮುಂದಿನ ವರ್ಷಕ್ಕೆ ಹೋಯಿತು. ಹೀಗೆ ವರ್ಷ ವರ್ಷ ಮುಂದಕ್ಕೆ ಹೋಗಿ ಹೋಗಿ, ಕೇಳುವುದನ್ನೇ ಬಿಟ್ಟು ಬೆಂಗಳೂರಿನ ಬಸ್ಸು ಹತ್ತಿದ ಮಕ್ಕಳು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ.

ಈ ವರ್ಷ ಹಾಗಾಗದಿರಲಿ ಅಂತ ಕೇಳಿಕೊಳ್ಳಲು ಈ ಕಾಗದ ಬರೆಯುತ್ತಿದ್ದೇನೆ. ಇರುವ ಹೊಲದಲ್ಲಿ ಐದು ಗುಂಟೆ ಅಳೆದು ಅವರಿಗೆ ಬಿಟ್ಟುಕೊಡಿ. ಉಳಿದದ್ದರಲ್ಲಿ ನೀವು ಕಂಡಂತೆ ಬೆಳೆಯಿರಿ. ನಾನು ಕೇಳುವುದು ಇಷ್ಟೇ. ಯಾಕೆ ಕೇಳುತ್ತಿದ್ದೇನೆ ಅನ್ನುವುದನ್ನು ವಿವರವಾಗಿ ಹೇಳಬೇಕು.

ಗುಳಿ ರಾಗಿ ಯಾವುದೋ ಕಂಪನಿಯವರು ತಂದ ತಂತ್ರವಲ್ಲ. ಹಾವೇರಿ ಕಡೆಯ ರೈತರು ತಮ್ಮ ಹೊಲದಲ್ಲೇ ಕಂಡುಕೊಂಡು, ಮಾಡಿಕೊಂಡು ಬಂದದ್ದು. ಉತ್ತು ಹದ ಮಾಡಿದ ನೆಲದ ಮೇಲೆ ಒಂದೂವರೆ ಅಡಿಗೆ ಒಂದರಂತೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆಯುತ್ತಾರೆ. ಗೆರೆಗಳು ಕೂಡುವ ಕಡೆ ಒಂದು ಸಣ್ಣ ಗುಳಿ. ಗುಳಿಗೆ ಒಂದು ಹಿಡಿ ಕಳಿತ ಕೊಟ್ಟಿಗೆ ಗೊಬ್ಬರ, ಅದರಲ್ಲಿ ಇಪ್ಪತ್ತು ಇಪ್ಪತ್ತೈದು ದಿನದ ಎರಡು ಪೈರು. ನಾಟಿ ಬೇರೂರಿದ ಮೇಲೆ ಹಗುರವಾದ ಮರದ ಕೊರಡನ್ನು ಪೈರಿನ ಮೇಲೆಯೇ ಎಳೆಯುತ್ತಾರೆ. ನಾಟಿ ಮಾಡಿದ ಹದಿನೈದನೆಯ ದಿನದಿಂದ ಒಂದೂವರೆ ತಿಂಗಳವರೆಗೆ, ಕೆಲವು ದಿನ ಬಿಟ್ಟು ಬಿಟ್ಟು, ಒಮ್ಮೆ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ಹೀಗೆ ಎಳೆಯುವುದುಂಟು. ಸಾಲಿನ ನಡುವೆ ಎಡೆಕುಂಟೆಯೂ ಎರಡೂ ದಿಕ್ಕಿಗೆ ಆಡುತ್ತದೆ.

ನಮ್ಮ ಮನೆಯಲ್ಲಿ ಸೊಸೆ ಇದನ್ನು ಮಾಡಿದಳು. ಕೊಟ್ಟಿಗೆಯಲ್ಲಿ ಈಗ ಎತ್ತಿಲ್ಲ, ಎರಡು ಸೀಮೆಹಸು ಮಾತ್ರ. ಹಳೇ ಸೂರಿನ ಒಂದು ತೊಲೆಗೆ ಎರಡು ಕಡೆ ಹಗ್ಗ ಕಟ್ಟಿ ಅವಳೊಂದು ತುದಿ, ಮಗನೊಂದು ತುದಿ ಹಿಡಿದು ಎಳೆದರು. ಗೇಣುದ್ದ ಎದ್ದಿದ್ದ ಪೈರು ಸಾಲುಸಾಲೇ ನೆಲಕ್ಕೆ ಮಲಗಿತು. ಬದುವಿನ ಮೇಲೆ ಕೂತಿದ್ದ ನನ್ನ ಹೆಂಡತಿ, ನೋಡಲಾಗದೆ ಎದ್ದು ಮನೆಗೆ ಹೋದಳು. ಮರುದಿನ ಹೋಗಿ ನೋಡಿದರೆ ತುದಿಗಳು ಮೇಲಕ್ಕೆ ತಿರುಗಿದ್ದವು. ವಾರ ಕಳೆದ ಮೇಲೆ ಸೊಸೆ ಒಂದು ಬುಡದ ಮಣ್ಣು ಸರಿಸಿ, 'ಮಾವ, ಇಲ್ಲಿ ನೋಡಿ' ಅಂತ ತೋರಿಸಿದಳು. ನೆಲಕ್ಕೆ ತಾಗಿದ ಗಿಣ್ಣಿನಲ್ಲಿ ಸೂಜಿಮೊನೆಯಷ್ಟು ದಪ್ಪದ ಬಿಳಿ ಬೇರು ಹೊರಟಿದ್ದವು, ಅದರ ಪಕ್ಕದಲ್ಲೇ ಹೊಸ ತೆಂಡೆ. ಎರಚಿದ ರಾಗಿಯಲ್ಲಿ ಒಂದು ಬುಡಕ್ಕೆ ಎರಡು ಮೂರು ತೆನೆ ಕಾಣುವ ಕಣ್ಣಿಗೆ ಮೂವತ್ತಕ್ಕೂ ಮೀರಿ ತೆಂಡೆ ಒಡೆದ ಬುಡ ಕಂಡಾಗ ಏನನ್ನಿಸುತ್ತದೆ ಅನ್ನುವುದನ್ನು ಒಕ್ಕಲು ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ.

ಇದರ ಹಿಂದಿನ ಗುಟ್ಟು ನಮಗೆ ಗೊತ್ತಿಲ್ಲದ್ದೇನೂ ಅಲ್ಲ. ಕೂರಿಗೆ ರಾಗಿಗೆ ಹಲುಬೆ ಹೊಡೆಯುತ್ತಿದ್ದದ್ದು ಯಾಕೆ? ದಟ್ಟವಾದ ಪೈರು ತೆಳುವಾಗಲಿ, ಉಳಿದದ್ದಕ್ಕೆ ಪೆಟ್ಟು ಬಿದ್ದು ತೆಂಡೆ ಬರಲಿ ಅಂತ. ಎಳೆಯದರಲ್ಲಿ ಸ್ವಲ್ಪ ನೋವಾದರೆ ರಾಗಿ ಬುಡದಲ್ಲಿ ಒಡೆಯುತ್ತದೆ ಅನ್ನುವುದು ನಮ್ಮ ಅಪ್ಪಂದಿರಿಗೆ ಗೊತ್ತಿತ್ತು. ಹಾವೇರಿಯವರು ಅದನ್ನೇ ಇನ್ನಷ್ಟು ದೂರ ಒಯ್ದಿದ್ದಾರೆ. ಟ್ರ್ಯಾಕ್ಟರ್ ಬಂದ ಮೇಲೆ ಕೂರಿಗೆ ಅಟ್ಟ ಸೇರಿತು, ಹಲುಬೆ ಮುರಿದು ಒಲೆಗೆ ಹೋಯಿತು, ರಾಗಿ ಎರಚುವುದೇ ರೂಢಿಯಾಯಿತು. ಹಾಗೆ ನೋಡಿದರೆ ಹೊಸ ಪದ್ಧತಿಗೆ ಬದಲಾದವರು ನಾವು. ಹುಡುಗರು ಕೇಳುತ್ತಿರುವುದು ಹಳೆಯದಕ್ಕೇ ಹತ್ತಿರವಿದೆ.

ಇನ್ನು ಲೆಕ್ಕ. ಒಂದು ಗುಂಟೆ ಅಂದರೆ 1089 ಚದರಡಿ, ಐದು ಗುಂಟೆಗೆ 5445. ಒಂದೂವರೆ ಅಡಿ ಚೌಕಕ್ಕೆ ಒಂದು ಗುಳಿಯಾದರೆ ಒಟ್ಟು 2420 ಗುಳಿ, ಗುಳಿಗೆ ಎರಡರಂತೆ 4840 ಪೈರು. ರಾಗಿ ಸಾವಿರ ಕಾಳು ತೂಗಿದರೆ ಹೆಚ್ಚೆಂದರೆ ಮೂರು ಗ್ರಾಂ. ಅಂದರೆ ಬೇಕಾಗಿರುವ ಕಾಳಿನ ತೂಕ ಹದಿನೈದು ಗ್ರಾಮಿನ ಆಸುಪಾಸು. ಹುಟ್ಟದ್ದು, ಇರುವೆ ಎಳೆದದ್ದು, ಕೀಳುವಾಗ ಮುರಿದದ್ದು ಎಲ್ಲಾ ಸೇರಿಸಿ ಧಾರಾಳವಾಗಿ ಹಾಕಿದರೂ ಒಂದು ಬೊಗಸೆ ಬೀಜ ಸಾಕು. ಎರಚಿದರೆ ಅದೇ ಐದು ಗುಂಟೆಗೆ ಮುಕ್ಕಾಲು ಕೆಜಿಯಷ್ಟು ಸುರಿಯುತ್ತೇವೆ. ಗೊಬ್ಬರ ಒಂದೆರಡು ಗಾಡಿ. ನಾಟಿ ಕೆಲಸ ಮನೆಮಂದಿ ಸೇರಿದರೆ ಒಂದು ದಿನದ್ದು.

ಅದೂ ಪೂರ್ತಿ ಕೈಕೊಟ್ಟಿತು ಅಂತಲೇ ಇಟ್ಟುಕೊಳ್ಳಿ. ಎಕರೆಗೆ ಎಂಟು ಕ್ವಿಂಟಲ್ ಕೊಡುವ ಖುಷ್ಕಿಯಲ್ಲಿ ಐದು ಗುಂಟೆಯ ಪಾಲು ಒಂದು ಕ್ವಿಂಟಲ್. 2025-26ಕ್ಕೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ರಾಗಿ ಬೆಂಬಲ ಬೆಲೆ ಕ್ವಿಂಟಲಿಗೆ 4886 ರೂಪಾಯಿ. ಒಂದು ಕಾಳೂ ಬರದೆ ಹೋದರೆ ಆ ಬೆಲೆಯ ಲೆಕ್ಕದಲ್ಲಿ ಕಾಳಿನಿಂದ ಮನೆಗೆ ಆಗುವ ನಷ್ಟ ಐದು ಸಾವಿರದೊಳಗೆ. ಬೋರ್‌ವೆಲ್ ಕೊರೆಸಿ ನೀರು ಸಿಗದೆ ಲಕ್ಷಗಟ್ಟಲೆ ಕಳೆದುಕೊಂಡ ಮನೆಗಳು ನಮ್ಮವು. ಆ ಧೈರ್ಯದ ಮುಂದೆ ಇದು ಎಷ್ಟರದ್ದು?

ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಹೊಸದು ಅಂದರೆ ಮೋಸ ಅನ್ನುವ ಪಾಠವನ್ನು ನಮಗೆ ಕಾಲವೇ ಕಲಿಸಿದೆ. ವೆನಿಲ್ಲಾಗೆ ಚಿನ್ನದ ಬೆಲೆ ಬಂದಿದೆ ಅಂತ 2003ರ ಹೊತ್ತಿಗೆ ಮಲೆನಾಡಿನಲ್ಲಿ ಬಳ್ಳಿಯ ತುಂಡಿಗೆ ದುಡ್ಡು ಸುರಿದವರು, ಮರುವರ್ಷದಿಂದಲೇ ಬೆಲೆ ಪಾತಾಳಕ್ಕೆ ಇಳಿದದ್ದನ್ನು ಕಂಡರು. ಜತ್ರೋಫಾ ಹಾಕಿ, ಡೀಸೆಲ್ ಬೆಳೆಯಿರಿ ಅಂದರು. ಅಲೋವೆರಾ ಹಾಕಿ, ಮನೆ ಬಾಗಿಲಿಗೆ ಬಂದು ಕೊಳ್ಳುತ್ತೇವೆ ಅಂದರು. ಕೊಳ್ಳುವವರು ಬರಲಿಲ್ಲ. ಆ ಗಾಯ ಇನ್ನೂ ಮಾಯ್ದಿಲ್ಲ. ಆದರೆ ಅವೆಲ್ಲ ಬೇರೆಯವರ ಮಾತು ನಂಬಿ, ಬೇರೆಯವರಿಂದ ಸಸಿ ಕೊಂಡು, ಬೇರೆಯವರ ಮಾರುಕಟ್ಟೆಗೆ ಬೆಳೆದವು. ಇಲ್ಲಿ ಬೆಳೆ ನಮ್ಮದು, ಬೀಜ ನಮ್ಮ ಕಣಜದ್ದು, ಬೆಳೆದದ್ದು ಮಾರಾಟವಾಗದಿದ್ದರೆ ಮುದ್ದೆಯಾಗುತ್ತದೆ. ಬದಲಾಗುವುದು ಬೆಳೆಯುವ ರೀತಿ ಮಾತ್ರ. ಎರಡನ್ನೂ ಒಂದೇ ಅಂತ ಎಣಿಸಿ ಬಾಗಿಲು ಹಾಕಿದರೆ ನಮ್ಮ ಮಕ್ಕಳಿಗೆ ಅನ್ಯಾಯ.

ಗುಳಿ ರಾಗಿಯಲ್ಲಿ ತೊಂದರೆಯೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸಾಲು ವಿರಳವಾದ್ದರಿಂದ ಮೊದಲ ತಿಂಗಳು ಕಳೆ ವಿಪರೀತ. ಎಡೆಕುಂಟೆ ತಪ್ಪಿದರೆ ಕಳೆ ರಾಗಿಯನ್ನು ನುಂಗುತ್ತದೆ. ನಾಟಿ ಮಾಡುವ ದಿನ ನೆಲದಲ್ಲಿ ಹದ ಇರಲೇಬೇಕು, ಆಮೇಲೂ ವಾರದೊಳಗೆ ಒಂದು ಮಳೆ ಬೇಕು ಅಥವಾ ಬಿಂದಿಗೆಯಲ್ಲಾದರೂ ನೀರು ಕೊಡಬೇಕು. ಐದು ಗುಂಟೆಗಾದರೆ ಕೊಡಬಹುದು, ಐದು ಎಕರೆಗೆ ಆಗದು. ಕೂಲಿಯವರು ಸಿಗದ ಈ ಕಾಲದಲ್ಲಿ ಹೊಲವೆಲ್ಲ ಗುಳಿ ಮಾಡುತ್ತೇನೆ ಅನ್ನುವ ಮಗನಿಗೆ ಬೇಡ ಅನ್ನಿ, ತಪ್ಪಿಲ್ಲ. ಹಾಗೆ ಹೊರಟವರು ಅರ್ಧ ನಾಟಿಗೇ ಕೈಚೆಲ್ಲಿ, ಪದ್ಧತಿಯನ್ನು ಬೈದದ್ದೂ ಇದೆ. ಹಾಗಾಗಿಯೇ ಅಳತೆ ಐದು ಗುಂಟೆ ಇರಲಿ ಅನ್ನುವುದು. ಹುಲ್ಲಿನ ಪ್ರಶ್ನೆಯನ್ನಂತೂ ನೀವು ಕೇಳಿಯೇ ಕೇಳುತ್ತೀರಿ, ಕೇಳಬೇಕು ಕೂಡ. ರಾಗಿ ಹುಲ್ಲಿಲ್ಲದೆ ದನ ಸಾಕಲು ಬರುತ್ತದೆಯೇ? ತೆಂಡೆ ಹೆಚ್ಚಿದರೆ ಹುಲ್ಲೂ ಹೆಚ್ಚುತ್ತದೆ. ಕಡ್ಡಿ ಮಾತ್ರ ದಪ್ಪ, ಕತ್ತರಿಸಿ ಹಾಕಿದರೆ ದನ ಚೆನ್ನಾಗಿ ತಿನ್ನುತ್ತವೆ.

ನಮ್ಮ ರಾಗಿಯ ಕಥೆಯನ್ನೇ ಒಮ್ಮೆ ನೆನೆಸಿಕೊಳ್ಳಿ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಇಲ್ಲಿಗೆ ಬಂದಾಗ ಯಾರೋ ಒಬ್ಬರು ಹೊಲದ ಒಂದು ತುಂಡಿನಲ್ಲಿ ಹಾಕಿ ನೋಡಿರಲೇಬೇಕು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ನಮ್ಮ ರೈತರು ರಾಗಿ ಬೆಳೆಯುವ ರೀತಿಯನ್ನು ನೋಡಿ, ಕೇಳಿ, 1920ರಲ್ಲಿ ಅದರ ಮೇಲೊಂದು ಪುಸ್ತಿಕೆ ಬರೆದರು. ಮಂಡ್ಯದ ವಿ.ಸಿ. ಫಾರಂನಲ್ಲಿ, 'ರಾಗಿ ಲಕ್ಷ್ಮಣಯ್ಯ' ಅಂತಲೇ ಹೆಸರಾದ ತಳಿ ವಿಜ್ಞಾನಿ ನಮ್ಮ ನಾಟಿ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ರಾಗಿ ಹೂವು ಎಷ್ಟು ಸಣ್ಣದೆಂದರೆ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ತನ್ನ ಹೂವಿನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ ಅದು. ಅಂಥದ್ದರಲ್ಲಿ ಸಂಕರ ಮಾಡುವುದು ಎಂಥ ತಾಳ್ಮೆಯ ಕೆಲಸ! ಇಂಡಾಫ್ ಊರಿಗೆ ಬಂದಾಗ ಅದೂ ಹೊಸದೇ ಆಗಿತ್ತು. 'ಮುದ್ದೆ ಜಿಗಿಯಾಗಲ್ಲವಂತೆ, ಹುಲ್ಲು ಬರಲ್ಲವಂತೆ' ಅಂತ ಅರಳಿಕಟ್ಟೆಯಲ್ಲಿ ಚರ್ಚೆಯಾಗುತ್ತಿದ್ದದ್ದು ನಮ್ಮಲ್ಲಿ ಎಷ್ಟೋ ಜನರಿಗೆ ನೆನಪಿದೆ. ಆದರೂ ನಮ್ಮ ಅಪ್ಪಂದಿರು ಒಂದು ಪಟ್ಟೆಗೆ ಹಾಕಿ ನೋಡಿದರು. ಕುತ್ತಿಗೆ ಬೆಂಕಿ ರೋಗದಿಂದ ತೆನೆ ಸೊರಗುತ್ತಿದ್ದ ಕಡೆ ಆಮೇಲೆ ಜಿಪಿಯು-28 ಬಂತು, ಅದನ್ನೂ ನಾವು ಮೊದಲು ಸ್ವಲ್ಪ ಹಾಕಿ ನೋಡಿಯೇ ಒಪ್ಪಿಕೊಂಡೆವು. ಇವತ್ತು ದೇಶದಲ್ಲಿ ಬೆಳೆಯುವ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದು. ಅದು ಹಾಕಿ ನೋಡಿದವರಿಂದ ಬಂದದ್ದು.

ಭತ್ತದ ಕಡೆಯಿಂದ ಇನ್ನೊಂದು ಮಾತು. ನೀರಾವರಿಯಲ್ಲಿ ಈಗ ಶ್ರೀ ಪದ್ಧತಿ ಅನ್ನುತ್ತಾರಲ್ಲ, ಅದು ಹುಟ್ಟಿದ್ದು ಮಡಗಾಸ್ಕರ್ ದ್ವೀಪದಲ್ಲಿ. ಅಲ್ಲಿ ಹೆನ್ರಿ ದ ಲೊಲಾನಿ ಅನ್ನುವ ಫ್ರಾನ್ಸಿನ ಪಾದ್ರಿ ರೈತರ ಮಕ್ಕಳಿಗೆ ಬೇಸಾಯ ಕಲಿಸುತ್ತಿದ್ದರು. 1983ರಲ್ಲಿ ಮಳೆ ಕೈಕೊಟ್ಟು, ಇನ್ನೂ ಹದಿನೈದು ದಿನದ ಎಳೆ ಪೈರನ್ನೇ ನಾಟಿ ಮಾಡಬೇಕಾಯಿತು. ಆ ಪೈರು ಎಂದೂ ಇಲ್ಲದಷ್ಟು ತೆಂಡೆ ಒಡೆಯಿತು. ಎಳೆ ಪೈರು, ದೂರ ದೂರದ ನಾಟಿ, ಬೇರಿಗೆ ಗಾಳಿ ಅನ್ನುವ ಆ ಪದ್ಧತಿ ಅಲ್ಲಿಂದ ಲೋಕಕ್ಕೆಲ್ಲ ಹಬ್ಬಿತು. ಅಂಥದ್ದೇ ಗುಣಗಳನ್ನು ನಮ್ಮ ಹಾವೇರಿಯ ರೈತರು ರಾಗಿಯಲ್ಲಿ ತಾವಾಗಿಯೇ ಕಂಡುಕೊಂಡಿದ್ದಾರೆ. ಹೊರಗಿನದಕ್ಕೆ ಸಿಕ್ಕ ಹೆಸರು ನಮ್ಮದಕ್ಕೆ ಸಿಗಲಿಲ್ಲ ಅನ್ನುವ ಸಂಕಟ ನನಗಿದೆ.

ರಾಗಿ ನಾಟಿ ಆಷಾಢದ ಮಾತು, ಯುಗಾದಿಗೇ ಇವನ್ಯಾಕೆ ಅವಸರ ಮಾಡುತ್ತಾನೆ ಅಂತ ನೀವು ಕೇಳಬಹುದು. ಅವಸರಕ್ಕೆ ಕಾರಣ ಇದೆ. ಆ ಐದು ಗುಂಟೆಯಲ್ಲಿ ವರ್ಷಕ್ಕೆ ಎರಡು ಬೆಳೆ ತೆಗೆಯಲು ಸಾಧ್ಯವಿದೆ, ಅದು ಸಾಧ್ಯವಾಗುವುದು ಈಗಲೇ ನೆಲ ಕೈಗೆ ಸಿಕ್ಕಿದರೆ ಮಾತ್ರ. ಏಪ್ರಿಲ್ ಕೊನೆಗೆ ಹುಟ್ಟುವ ಭರಣಿ ಮಳೆಗೆ ಹೆಸರನ್ನೋ ಅಲಸಂದೆಯನ್ನೋ ಬಿತ್ತಬೇಕು. ಹೆಸರು ಎಪ್ಪತ್ತು ದಿನದೊಳಗೆ ಬಿಡಿಸಲು ಬರುತ್ತದೆ. ಅದು ಹೊಲದಲ್ಲಿ ಕಾಯಿ ಕಟ್ಟುತ್ತಿರುವಾಗಲೇ, ಮೃಗಶಿರ ಮಳೆ ಹೋಗುವ ಹೊತ್ತಿಗೆ, ಮನೆ ಹಿಂದಿನ ಮಡಿಯಲ್ಲಿ ರಾಗಿ ಪೈರು ಬಿಟ್ಟುಕೊಳ್ಳಬೇಕು. ಪುನರ್ವಸುವಿನಲ್ಲಿ ಹೆಸರು ಬಿಡಿಸಿ, ಗಿಡವನ್ನು ಅಲ್ಲೇ ಮಣ್ಣಿಗೆ ಸೇರಿಸಿ ಉಳುಮೆ ಮಾಡುವ ಹೊತ್ತಿಗೆ ಪೈರು ಕಾದಿರುತ್ತದೆ. ಮಡಿಯಲ್ಲಿ ಬೆಳೆದ ಆ ಮೂರು ವಾರ ಹೊಲಕ್ಕೆ ಉಳಿತಾಯ. ಬೀಜ ಎರಚುವವರಿಗೆ ಇದು ದಕ್ಕುವುದಿಲ್ಲ. ನೂರಾ ಹತ್ತು ದಿನದ ಆಸುಪಾಸಿಗೆ ಕೊಯ್ಲಿಗೆ ಬರುವ ಜಿಪಿಯು-28ರಂಥ ತಳಿ ಇದಕ್ಕೆ ಹೊಂದುತ್ತದೆ.

ಹೆಸರಿನ ಬೇರು ಕಿತ್ತು ನೋಡಿದವರಿಗೆ ಅದರ ಗಂಟುಗಳು ಗೊತ್ತು. ಗಂಟು ಸೀಳಿದರೆ ಒಳಗೆ ನಸುಗೆಂಪು. ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ಸೂಕ್ಷ್ಮಜೀವಿಗಳ ಮನೆ ಅದು. ಯೂರಿಯಾ ಚೀಲಕ್ಕೆ ಸೊಸೈಟಿ ಮುಂದೆ ಪಾಳಿ ನಿಲ್ಲುವ ನಮಗೆ, ಇಷ್ಟಾದರೂ ನಮ್ಮ ನೆಲದಲ್ಲೇ ತಯಾರಾಗುತ್ತದೆ ಅನ್ನುವುದು ಸಣ್ಣ ಸಮಾಧಾನವಲ್ಲ. ಜೊತೆಗೆ ಅಕ್ಕಡಿ ಸಾಲನ್ನು ಮರೆಯಬೇಡಿ ಅಂತ ಹುಡುಗರಿಗೆ ನೀವೇ ಹೇಳಿಕೊಡಿ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಇಲ್ಲವೇ ಒಂದು ಸಾಲು ಅವರೆ. ಅದರಲ್ಲಿ ನಿಮ್ಮನ್ನು ಮೀರಿಸಿದವರು ಯಾವ ಕಾಲೇಜಿನಲ್ಲೂ ಇಲ್ಲ.

ಬಿಟ್ಟುಕೊಡುವ ರೀತಿಯ ಬಗ್ಗೆ ಎರಡು ಮಾತು ಹೇಳಬೇಕು, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಮಾಡಿ ನೋಡಲಿ ಅಂತ ಹೊಂಗೆ ಮರದ ನೆರಳಿನ ಅಂಚನ್ನೋ, ಕಲ್ಲು ಮೊರಡಿಯ ಮೂಲೆಯನ್ನೋ ಕೊಡಬೇಡಿ. ಅಲ್ಲಿ ಯಾವ ಪದ್ಧತಿ ಮಾಡಿದರೂ ಬೆಳೆ ಸೋಲುತ್ತದೆ, ಸೋತದ್ದು ಪದ್ಧತಿಯೋ ನೆಲವೋ ಅಂತ ಗೊತ್ತಾಗುವುದಿಲ್ಲ. ಹೊಲದ ನಡುಮಧ್ಯದಿಂದ ಕೊಡಿ. ಅದರ ಪಕ್ಕದಲ್ಲೇ ಅಷ್ಟೇ ಅಳತೆಯ ನೆಲವನ್ನು ನೀವು ನಿಮ್ಮ ರೀತಿಯಲ್ಲಿ ಮಾಡಿ. ಬೀಜ ಒಂದೇ ಇರಲಿ, ಗೊಬ್ಬರ ಒಂದೇ ತಿಪ್ಪೆಯದಿರಲಿ. ಕೊಯ್ದ ಮೇಲೆ ಎರಡನ್ನೂ ಬೇರೆ ಬೇರೆ ಒಕ್ಕಣೆ ಮಾಡಿ, ಕಾಳು, ಹುಲ್ಲು ಎರಡನ್ನೂ ತೂಗಿ ಬರೆದಿಡಿ. ಕಣದಲ್ಲಿ ಎಲ್ಲಾ ಬೆರೆತುಹೋದರೆ ವರ್ಷದ ಶ್ರಮ ವ್ಯರ್ಥ, ಉಳಿಯುವುದು ಬರೀ ವಾದ. ಕೃಷಿ ಮೇಳದಲ್ಲಿ ನೋಡಿದ್ದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯ ನೆಲದ್ದು. ನಮ್ಮ ಕೆಂಪು ಮಣ್ಣಿನಲ್ಲಿ, ನಮ್ಮ ಮಳೆಯಲ್ಲಿ ಏನು ಬರುತ್ತದೆ ಅನ್ನುವುದನ್ನು ನಮ್ಮ ತಕ್ಕಡಿಯೇ ಹೇಳಬೇಕು.

ಒಂದು ವರ್ಷಕ್ಕೆ ತೀರ್ಪು ಕೊಡಬೇಡಿ. ಮಳೆ ಒಂದೊಂದು ವರ್ಷ ಒಂದೊಂದು ಥರ. ಮೂರು ವರ್ಷ ಆ ನೆಲ ಅವರ ಕೈಯಲ್ಲೇ ಇರಲಿ. ನಡುವೆ ಹೋಗಿ 'ಕಳೆ ನೋಡು, ಊರೋರು ನಗ್ತಾರೆ' ಅನ್ನಬೇಡಿ. ಊರಿನವರ ನಗುವಿಗೆ ಹೆದರಿ ಮಕ್ಕಳ ಕೈ ಹಿಡಿದೆಳೆಯುವುದು ನಮ್ಮ ಒಕ್ಕಲುತನಕ್ಕೆ ಬರಗಾಲಕ್ಕಿಂತ ಕೆಟ್ಟದ್ದು ಮಾಡಿದೆ ಅಂತ ನಾನು ನಂಬಿದ್ದೇನೆ.

ಬಂದ ಫಸಲಿನ ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಪಹಣಿ ನಮ್ಮ ಹೆಸರಿನಲ್ಲಿದೆ, ರೈತರ ನೋಂದಣಿಯ ಫ್ರೂಟ್ಸ್ ಐಡಿ ನಮ್ಮದು, ಖರೀದಿ ಕೇಂದ್ರಕ್ಕೆ ಹಾಕಿದ ರಾಗಿಯ ಹಣ ನಮ್ಮ ಖಾತೆಗೇ ಬೀಳುತ್ತದೆ. ಬಿದ್ದದ್ದರಲ್ಲಿ ಆ ಐದು ಗುಂಟೆಯದನ್ನು ಲೆಕ್ಕ ಹಾಕಿ ಅವರ ಕೈಗೆ ಕೊಡಿ. ದುಡಿದದ್ದು ತನ್ನ ಕೈಗೆ ಬಂದರೆ ಮುಂದಿನ ವರ್ಷದ ಬೀಜವನ್ನು ಆ ಹುಡುಗ ತಾನೇ ಆರಿಸಿಡುತ್ತಾನೆ. ಹುಡುಗ ಅಂದೆ, ಹುಡುಗಿಯರನ್ನು ಬಿಟ್ಟು ಹೇಳುತ್ತಿಲ್ಲ. ಬೂದಿ ಬೆರೆಸಿ ಬೀಜ ಕಾಪಾಡಿದವರು, ನಾಟಿಗೆ ಬಗ್ಗಿದವರು, ಕಳೆ ಕಿತ್ತವರು ಹೆಂಗಸರು. ಮಗಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ನಮ್ಮ ರಾಜ್ಯದಲ್ಲಿ 1994ರಲ್ಲೇ ಕಾನೂನಾಯಿತು. ಆದರೂ ಹೊಲದಲ್ಲಿ ಏನು ಹಾಕಬೇಕು ಅನ್ನುವ ಮಾತು ಬಂದಾಗ ಅವಳನ್ನು ಕೇಳುವ ಮನೆ ಎಷ್ಟಿವೆ? ಓದಿಕೊಂಡು ಬಂದ ಮಗಳು, ಬೇರೆ ಸೀಮೆಯಿಂದ ಬಂದ ಸೊಸೆ ತನ್ನ ಕಡೆಯ ಪದ್ಧತಿಯೊಂದನ್ನು ಹೇಳಿದರೆ ಕಿವಿಗೊಟ್ಟು ಕೇಳಿ. ಗುಳಿ ರಾಗಿಯೇ ಆಗಬೇಕೆಂದಿಲ್ಲ. ಅವಳು ನವಧಾನ್ಯ ಚೆಲ್ಲಿ ಹೂ ಬರುವ ಹೊತ್ತಿಗೆ ಹಸಿರು ಗೊಬ್ಬರವಾಗಿ ಮಣ್ಣಿಗೆ ಸೇರಿಸುತ್ತೇನೆ ಅಂದರೆ ಅದಕ್ಕೂ ಸೈ ಅನ್ನಿ.

ಯುಗಾದಿಗೆ ಹೊನ್ನಾರು ಹೂಡುವ ಪದ್ಧತಿ ನಿಮ್ಮ ಊರಿನಲ್ಲಿ ಇನ್ನೂ ಉಳಿದಿದ್ದರೆ ನೀವು ಪುಣ್ಯವಂತರು. ನಮ್ಮಲ್ಲಿ ಎತ್ತು ಕಡಿಮೆಯಾದಂತೆ ಅದೂ ಕ್ಷೀಣಿಸಿತು. ಇರುವ ಕಡೆ, ಆ ದಿನದ ಮೊದಲ ಸಾಲನ್ನು ಈ ಐದು ಗುಂಟೆಯಲ್ಲೇ ಹೊಡೆಸಿ, ಮೇಣಿಯನ್ನು ಮಕ್ಕಳ ಕೈಗೆ ಕೊಡಿ. ಇಲ್ಲದ ಕಡೆ ಪೂಜೆ ಮಾಡಿ ಒಂದು ಸಾಲು ಗುದ್ದಲಿಯಲ್ಲಿ ಕೆತ್ತಿದರೂ ನಡೆಯುತ್ತದೆ.

ಭರಣಿ ಹುಟ್ಟುವ ಮೊದಲು ಐದು ಗುಂಟೆ ಅಳೆದು, ನಾಲ್ಕು ಮೂಲೆಗೂ ಗೂಟ ಹೊಡೆದು ಕೊಟ್ಟುಬಿಡಿ. ಕೊಯ್ಲಾದ ಮೇಲೆ ತೂಕದ ಲೆಕ್ಕ ತೆಗೆದುಕೊಂಡು ಸಂತೆಗೆ ಬನ್ನಿ. ಗೆದ್ದ ಲೆಕ್ಕವೂ ಬೇಕು, ಸೋತ ಲೆಕ್ಕವೂ ಬೇಕು. ಕೂತು ಮಾತಾಡೋಣ.

ಇಂತಿ ನಿಮ್ಮವ,
ಒಬ್ಬ ರಾಗಿ ಬೆಳೆಗಾರ